ಗೋಡೆ ನಿಮ್ಮದು, ಬಿಲ್ಲು ಅವರದು

ಇಂಗ್ಲೆಂಡಿನಲ್ಲಿ ಒಂದೋ ಎರಡೋ ಮನೆ ಕೊಂಡು ಬಾಡಿಗೆಗೆ ಬಿಟ್ಟಿರುವ ಕನ್ನಡಿಗರ ನಡುವೆ ಇಪಿಸಿ ಮಾತು ಬಂದರೆ ಸಾಕು, ದೂರುಗಳು ಸಾಲುಗಟ್ಟುತ್ತವೆ. ಮನೆಯ ಇಂಧನ ದಕ್ಷತೆಗೆ ‘ಎ’ಯಿಂದ ‘ಜಿ’ವರೆಗೆ ದರ್ಜೆ ಕೊಡುವ ಪ್ರಮಾಣಪತ್ರ ಅದು, ಹತ್ತು ವರ್ಷ ಚಾಲ್ತಿಯಲ್ಲಿರುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ‘ಎಫ್’, ‘ಜಿ’ ದರ್ಜೆಯ ಮನೆಗಳನ್ನು ವಿನಾಯಿತಿ ನೋಂದಾಯಿಸದೆ ಹೊಸದಾಗಿ ಬಾಡಿಗೆಗೆ ಕೊಡುವುದು 2018ರ ಏಪ್ರಿಲ್‌ನಿಂದಲೇ ನಿಂತಿದೆ. 2020ರ ಏಪ್ರಿಲ್‌ನಿಂದ ಹಳೆಯ ಬಾಡಿಗೆಗಳಿಗೂ ಅದೇ ನಿಯಮ. ತಪ್ಪಿದರೆ ಮನೆಯೊಂದಕ್ಕೆ 5,000 ಪೌಂಡ್‌ವರೆಗೆ ದಂಡ. ಇದೆಲ್ಲ ಮಾಲೀಕರನ್ನು ಹಿಂಡುವ ಉಪಾಯ ಎನ್ನುವವರ ವಾದಗಳನ್ನು ಒಂದೊಂದಾಗಿ ನೋಡೋಣ.

‘ಹೀಟಿಂಗ್ ಬಿಲ್ ಕಟ್ಟುವುದು ಬಾಡಿಗೆದಾರ, ನಾನೇಕೆ ದುಡ್ಡು ಹಾಕಲಿ?’ ಕಾನೂನು ಬಂದದ್ದೇ ಈ ಪ್ರಶ್ನೆಯಿಂದ. ವರ್ಷದ ಕರಾರಿನ ಮೇಲೆ ಇರುವವನು ನಿಮ್ಮ ಅಟ್ಟಕ್ಕೆ ಹತ್ತಿ ಇನ್ಸುಲೇಷನ್ ಹಾಸುತ್ತಾನೆಯೇ? ಹಾಸಲು ಹೊರಟರೆ ನೀವು ಬಿಡುತ್ತೀರಾ? ಇನ್ನು ಖರ್ಚಿನ ಮಾತು. ‘ಇ’ ದರ್ಜೆ ಮುಟ್ಟಿಸಲು ಮಾಲೀಕ ಹಾಕಬೇಕಾದ ಹಣಕ್ಕೆ ವ್ಯಾಟ್ ಸೇರಿ 3,500 ಪೌಂಡ್ ಮಿತಿಯಿದೆ. 2022ರ ಅಕ್ಟೋಬರ್‌ಗೆಂದು ಇಂಧನ ನಿಯಂತ್ರಕ ಸಂಸ್ಥೆ ಆಫ್‌ಜೆಮ್ ಪ್ರಕಟಿಸಿದ ಬೆಲೆಮಿತಿಯಲ್ಲಿ ಸಾಧಾರಣ ಮನೆಯೊಂದರ ವಾರ್ಷಿಕ ಇಂಧನ ಬಿಲ್ 3,549 ಪೌಂಡ್ ಆಗುತ್ತಿತ್ತು. ಸರ್ಕಾರ ನಡುವೆ ಬಂದು ಅದನ್ನು 2,500ಕ್ಕೆ ತಡೆಯಿತು. ಅಂದರೆ ಬಾಡಿಗೆದಾರನ ತಲೆಯ ಮೇಲೆ ಒಂದೇ ವರ್ಷಕ್ಕೆ ಬೀಳಲಿದ್ದ ಮೊತ್ತ ನಿಮ್ಮ ಒಟ್ಟು ಖರ್ಚಿನ ಮಿತಿಗಿಂತ ದೊಡ್ಡದು.

‘ನಮ್ಮದು ವಿಕ್ಟೋರಿಯಾ ಕಾಲದ ಮನೆ, ಏನೂ ಮಾಡಲಾಗದು.’ ಅರ್ಧ ಸತ್ಯ. ಆ ಕಾಲದ ಒಂಬತ್ತಿಂಚು ಇಟ್ಟಿಗೆ ಗೋಡೆಯೊಳಗೆ ತುಂಬಲು ಟೊಳ್ಳು ಇರುವುದಿಲ್ಲ. ಒಳಗಿನಿಂದ ಹಲಗೆ ಹೊಡೆಸುವುದು ದುಬಾರಿ, ಕೆಲಸ ಕೆಟ್ಟರೆ ತೇವ, ಬೂಸಲು. ಗೋಡೆಗೆ ಹಾನಿಯೆಂದು ತಜ್ಞರು ಲಿಖಿತವಾಗಿ ಹೇಳಿದರೆ ಆ ಕೆಲಸಕ್ಕೆ ವಿನಾಯಿತಿ ಉಂಟು, ಐದು ವರ್ಷಕ್ಕೆ. ಆದರೆ ಅದನ್ನು ಸರ್ಕಾರಿ ರಿಜಿಸ್ಟರ್‌ನಲ್ಲಿ ನೀವೇ ದಾಖಲಿಸಬೇಕು. ಮನೆ ಹಳೆಯದು ಎಂದ ಮಾತ್ರಕ್ಕೆ ಅದು ತಾನಾಗಿ ಸಿಗದು. ಅಲ್ಲದೆ ಯಾರೂ ನಿಮ್ಮಿಂದ ‘ಎ’ ಕೇಳಿಲ್ಲ. ಅಟ್ಟದಲ್ಲಿ 270 ಮಿಲಿಮೀಟರ್ ಇನ್ಸುಲೇಷನ್, ಬಿಸಿನೀರಿನ ಸಿಲಿಂಡರ್‌ಗೆ ದಪ್ಪ ಹೊದಿಕೆ, ಥರ್ಮೋಸ್ಟಾಟ್, ಎಲ್‌ಇಡಿ ಬಲ್ಬು: ‘ಎಫ್’ನಲ್ಲಿರುವ ಎಷ್ಟೋ ಮನೆಗಳು ಇಷ್ಟರಿಂದಲೇ ಮೇಲೇರುತ್ತವೆ.

‘ಇಪಿಸಿ ಕೊಡುವ ಅಸೆಸರ್ ಬಂದು ಮುಕ್ಕಾಲು ಗಂಟೆ ಓಡಾಡಿ ಬಾಯಿಗೆ ಬಂದ ಅಂಕ ಹಾಕಿ ಹೋಗುತ್ತಾನೆ.’ ವಿರೋಧಿಗಳ ಮಾತುಗಳಲ್ಲಿ ತೂಕವಿರುವುದು ಇದಕ್ಕೇ. ಆತ ಗೋಡೆ ಕೊರೆದು ನೋಡುವುದಿಲ್ಲ, ಶಾಖ ಎಷ್ಟು ಸೋರುತ್ತದೆಂದು ಅಳೆಯುವುದೂ ಇಲ್ಲ. ಕಾಣದ್ದನ್ನು ಸಾಫ್ಟ್‌ವೇರ್ ಮನೆಯ ವಯಸ್ಸು ನೋಡಿ ಊಹಿಸುತ್ತದೆ. ಅಟ್ಟದ ಬಾಗಿಲಿಗೆ ಬಣ್ಣ ಬಳಿದು ಅಂಟಿಹೋಗಿದ್ದರೆ, ಮೇಲೆ ನೀವು ಹಾಸಿರುವ ಇನ್ಸುಲೇಷನ್ ಲೆಕ್ಕಕ್ಕೇ ಬರದಿರಬಹುದು. ಹಾಗಾಗಿ ಆತ ಬರುವ ಮುಂಚೆ ಬಾಗಿಲು ಬಿಡಿಸಿ. ಕೆಲಸದ ರಸೀತಿ, ಗ್ಯಾರಂಟಿ ಪತ್ರ, ಟೇಪು ಹಿಡಿದು ತೆಗೆದ ಫೋಟೊ ಒಂದು ಫೈಲಿನಲ್ಲಿರಲಿ. ಇನ್ನೊಂದು ಕೊರತೆ ನನ್ನನ್ನೂ ಕಾಡುತ್ತದೆ: ಈ ದರ್ಜೆ ನಿಂತಿರುವುದು ಇಂಧನದ ಖರ್ಚಿನ ಅಂದಾಜಿನ ಮೇಲೆ, ಇಂಗಾಲದ ಮೇಲಲ್ಲ. ಅಲ್ಲಿ ವಿದ್ಯುತ್ತಿನ ಯೂನಿಟ್ ಗ್ಯಾಸಿಗಿಂತ ಬಹಳ ತುಟ್ಟಿ. ‘ಹಸಿರು’ ಆಗೋಣವೆಂದು ಗ್ಯಾಸ್ ಬಾಯ್ಲರ್ ಕಿತ್ತು ಅಗ್ಗದ ಎಲೆಕ್ಟ್ರಿಕ್ ಹೀಟರ್ ಹಾಕಿಸಿದವರ ದರ್ಜೆ ಕುಸಿಯುವುದು ಇದರಿಂದಲೇ. ಕೀಳುವ ಮೊದಲು ಅಸೆಸರ್ ಕೈಲಿ ಲೆಕ್ಕ ಹಾಕಿಸಿ. ಲೆಕ್ಕದ ಕ್ರಮ ಸುಧಾರಿಸಬೇಕೆಂದು ಮಾಲೀಕರು ಗದ್ದಲ ಮಾಡಿದರೆ ನಾನೂ ದನಿಗೂಡಿಸುತ್ತೇನೆ. ಅಳೆಯುವುದೇ ಬೇಡವೆಂದರೆ ಇಲ್ಲ.

‘ಸರ್ಕಾರ ನಾಳೆ ಮತ್ತೆ ಮಾತು ಬದಲಿಸುತ್ತದೆ, ಕಾಯೋಣ.’ ಬದಲಾದದ್ದು ನಿಜ. ‘ಸಿ’ ದರ್ಜೆ ಕಡ್ಡಾಯ ಮಾಡುವ ಪ್ರಸ್ತಾವವನ್ನು 2023ರ ಸೆಪ್ಟೆಂಬರ್‌ನಲ್ಲಿ ಅಂದಿನ ಪ್ರಧಾನಿ ರಿಷಿ ಸುನಕ್ ಕೈಬಿಟ್ಟರು. 2025ರ ಫೆಬ್ರವರಿಯಲ್ಲಿ ಲೇಬರ್ ಸರ್ಕಾರ 2030ರ ಗಡುವಿನೊಂದಿಗೆ ಅದನ್ನು ಮತ್ತೆ ತಂದಿತು. ಈ ಹಗ್ಗಜಗ್ಗಾಟ ಪೂರ್ತಿ ‘ಸಿ’ಯದು. ‘ಇ’ ನಿಯಮವನ್ನು ಯಾವ ಪಕ್ಷವೂ ಸಡಿಲಿಸಿಲ್ಲ.

‘ಹಾಗಾದರೆ ಮಾರಿಬಿಡುತ್ತೇನೆ.’ ಮಾರಿ, ನಿಮ್ಮಿಷ್ಟ. ನಿಮ್ಮ ವಿನಾಯಿತಿ ಕೊಳ್ಳುವವನಿಗೆ ವರ್ಗವಾಗದು, ಬಾಡಿಗೆಗೆಂದು ಕೊಳ್ಳುವವನು ಅದನ್ನು ಲೆಕ್ಕ ಹಾಕಿಯೇ ಬೆಲೆ ಕೇಳುತ್ತಾನೆ. ಮಾರಾಟದ ಜಾಹೀರಾತಿನಲ್ಲೂ ಇಪಿಸಿ ದರ್ಜೆ ಹಾಕಲೇಬೇಕು.