ಹೊಗೆ ಯಾರದ್ದು, ರಸೀದಿ ಯಾರ ಹೆಸರಿಗೆ?



ಸ್ವಲ್ಪ ಉದ್ದ ಬರಹ. ಬೈಯೋರು ಕೊನೇವರೆಗೂ ಓದಿ ಬೈಯ್ರಿ.

ಮೊನ್ನೆ ನಮ್ಮ ಗ್ರೂಪ್‌ನಲ್ಲಿ ಹಳೇ ಗಾಡಿಗಳ ಹಸಿರು ತೆರಿಗೆ, ಬೆಂಗಳೂರಿನ ಹೊರವರ್ತುಲ ರಸ್ತೆಗೆ ದಟ್ಟಣೆ ಶುಲ್ಕ ಹಾಕೋ ಮಾತು, ಎರಡೂ ಚರ್ಚೆಗೆ ಬಂದವು. ಒಬ್ಬ ಸಂಗಾತಿ "ಇದೆಲ್ಲ ಬಡವರ ಬೆನ್ನಿಗೆ ಬರೆ. ಹೊಗೆ ಹೆಸರಲ್ಲಿ ಯಾವ ತೆರಿಗೆ ಬಂದ್ರೂ ವಿರೋಧಿಸೋದೇ ನಮ್ಮ ನಿಲುವು" ಅಂದ್ರು. ಸುಮಾರು ಜನ ಹೆಬ್ಬೆಟ್ಟು ಒತ್ತಿದ್ರು. ನಾನು ಒತ್ತಲಿಲ್ಲ.

ನಮ್ಮವ್ವ ಈ ಊರಿನ ಬೀದಿಗಳನ್ನ 22 ವರ್ಷ ಗುಡಿಸಿದಳು. ಬೆಳಗಿನ ಜಾವ ಹೋದ್ರೆ ಮಧ್ಯಾಹ್ನ ಬರೋಳು. ಮೂಗಿಗೆ ಸೆರಗು ಸುತ್ತಿಕೊಂಡು ಪೊರಕೆ ಹಿಡಿಯೋಳು, ಸಂಜೆ ಆ ಸೆರಗು ಒಗೆದ್ರೆ ನೀರು ಕಪ್ಪಗೆ ಇಳಿಯೋದು. ಈಗ ಎರಡು ಮೆಟ್ಟಿಲು ಹತ್ತೋಕೆ ಆಗಲ್ಲ, ಇನ್‌ಹೇಲರ್ ಬೇಕು. ಒಂದು ದಿನವೂ ಸಿಗರೇಟು ಮುಟ್ಟದ ಹೆಂಗಸು.

ಬೆಂಗಳೂರಿನ ಗಾಳಿ ಬಗ್ಗೆ ಆಗಿರೋ ಅಧ್ಯಯನಗಳಲ್ಲೆಲ್ಲ ಮುಂದೆ ನಿಲ್ಲೋ ಹೆಸರು ಎರಡು: ವಾಹನದ ಹೊಗೆ, ರಸ್ತೆಯ ಧೂಳು. ಆ ಧೂಳನ್ನ ಎಬ್ಬಿಸೋದು ಚಕ್ರ, ಬಳಿಯೋದು ಪೌರಕಾರ್ಮಿಕರು. ಅವರಲ್ಲಿ ಹೆಚ್ಚಿನವರು ದಲಿತ ಹೆಂಗಸರು ಅನ್ನೋದನ್ನ ನಿಮಗೆ ನಾನು ಹೇಳಬೇಕಾಗಿಲ್ಲ. ಕೇರಿ ಊರಾಚೆ, ಅಶುಭ ಅಂತ ಎಣಿಸಿದ ದಕ್ಷಿಣ ದಿಕ್ಕಿಗೇ ಇರಬೇಕು ಅನ್ನೋ ಹಳ್ಳಿಯ ಕಟ್ಟಳೆಯನ್ನ ಬಾಬಾಸಾಹೇಬರು ಬರೆದಿಟ್ಟಿದ್ದಾರೆ. ಸಿಟಿಯಲ್ಲಿ ದಿಕ್ಕಿನ ಲೆಕ್ಕ ಇಲ್ಲ, ಎತ್ತರದ ಲೆಕ್ಕ ಇದೆ. ಸೈಲೆನ್ಸರ್ ಇರೋ ಎತ್ತರಕ್ಕೆ ಬಗ್ಗಿ ಕೆಲಸ ಮಾಡೋರು ಯಾರು, ಗಾಜು ಏರಿಸಿ ಎಸಿ ಹಾಕ್ಕೊಂಡು ಕೂರೋರು ಯಾರು, ಸಿಗ್ನಲ್‌ನಲ್ಲಿ ಒಂದು ನಿಮಿಷ ನಿಂತು ನೋಡಿ.

ಅದಕ್ಕೇ ಹೇಳ್ತೀನಿ, ಶುದ್ಧ ಗಾಳಿ ಜಾಗಿಂಗ್ ಮಾಡೋರ ಶೋಕಿ ಅಲ್ಲ. ಗಾಳಿ ಕೆಟ್ಟರೆ ಮೊದಲು ಕೆಮ್ಮೋರು ನಾವು. ಹಾಗಿದ್ದ ಮೇಲೆ ಹೊಗೆಗೆ ಬೆಲೆ ಕಟ್ಟಬೇಡಿ ಅಂತ ನಾವು ಹೇಗೆ ಹೇಳೋದು?

ಆದ್ರೆ ಈಗ ಕಟ್ಟಿರೋ ಬೆಲೆ ಇದೆಯಲ್ಲ, ಅದು ಹೊಗೆಯದ್ದಲ್ಲ.

ನಮ್ಮ ಚಿಕ್ಕಪ್ಪನ ಮಗನ ಹತ್ರ 2008ರ ಡೀಸೆಲ್ ಗೂಡ್ಸ್ ಆಟೋ ಇದೆ. ಕಲಾಸಿಪಾಳ್ಯದಿಂದ ತರಕಾರಿ ಸಾಗಿಸ್ತಾನೆ. ಗಾಡಿ ಹೊಗೆ ಬಿಡುತ್ತೆ, ಸುಳ್ಳು ಹೇಳಲ್ಲ. ಅವ್ವನೇ ಅದರ ಹಿಂದೆ ನಿಂತು ಕೆಮ್ಮಿದ್ದಾಳೆ. 2022ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಕೇಂದ್ರದ ನಿಯಮದಲ್ಲಿ 15 ವರ್ಷ ದಾಟಿದ ತ್ರಿಚಕ್ರ ವಾಹನದ ಎಫ್‌ಸಿ ನವೀಕರಣಕ್ಕೆ 3,500 ರೂಪಾಯಿ ಆಯ್ತು. ತಡವಾದ್ರೆ ದಿನಕ್ಕೆ 50. ಬಾಡಿಗೆ ಸಿಗದ ತಿಂಗಳು ಎಫ್‌ಸಿ ಮುಗೀತು ಅಂದ್ಕೊಳ್ಳಿ, ಗಾಡಿ ಮನೆ ಮುಂದೆ ನಿಂತಿದ್ರೂ, ಒಂದು ಹನಿ ಡೀಸೆಲ್ ಸುಡದಿದ್ರೂ, ದಿನದ 50 ಓಡ್ತಾನೇ ಇರುತ್ತೆ. ಇದು ಯಾವ ಹೊಗೆಗೆ ದಂಡ ಸ್ವಾಮಿ? ಇದರ ಮೇಲೆ ಹಸಿರು ತೆರಿಗೆ ಬೇರೆ.

ಎಮಿಷನ್ ಟೆಸ್ಟ್ ಇದೆಯಲ್ಲ ಅಂತೀರಾ? ಪೆಟ್ರೋಲ್ ಗಾಡಿಯಾದ್ರೆ ನಿಂತಲ್ಲೇ ಐಡ್ಲಿಂಗ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಕಾರ್ಬನ್ ನೋಡ್ತಾರೆ. ಡೀಸೆಲ್ ಆದ್ರೆ ಆಕ್ಸಿಲರೇಟರ್ ಒತ್ತಿ ಹೊಗೆ ಎಷ್ಟು ದಟ್ಟ ಅಂತ ನೋಡ್ತಾರೆ. ಎದೆಗೂಡಿನ ಆಳಕ್ಕೆ ಇಳಿಯೋ ಪಿಎಂ 2.5 ಕಣಗಳನ್ನ ಆ ಯಂತ್ರ ತೂಗೋದೇ ಇಲ್ಲ. ಅದೂ ಯಂತ್ರಕ್ಕೆ ಪೈಪ್ ಹಾಕಿದ್ರೆ. ನಮ್ಮ ಹುಡುಗನಿಗೆ ಒಂದು ಕಡೆ ಪೈಪ್ ಮುಟ್ಟಿಸದೆಯೇ ಸರ್ಟಿಫಿಕೇಟ್ ಕೈಗೆ ಬಂದಿತ್ತು. ಕಾಯ್ದೆಯಲ್ಲಿ ಮಾತ್ರ ಹೊಗೆ ಅಪರಾಧಕ್ಕೆ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು ಅಂತ ಬರೆದಿದೆ.

ಈಗ ಇನ್ನೊಂದು ಕಡೆ ನೋಡಿ. ಕರ್ನಾಟಕದಲ್ಲಿ ಕಾರಿನ ಜೀವಿತಾವಧಿ ತೆರಿಗೆ ಬೆಲೆ ಏರಿದ ಹಾಗೆ ಏರುತ್ತೆ: 5 ಲಕ್ಷದೊಳಗಿನ ಕಾರಿಗೆ ಶೇ. 13, 20 ಲಕ್ಷ ದಾಟಿದ್ರೆ ಶೇ. 18. ಅದನ್ನ ಒಪ್ಪಿಕೊಳ್ಳೋಣ. ಆದ್ರೆ ಒಂದ್ಸಲ ಕಟ್ಟಿದ್ರೆ ಮುಗೀತು. ಆಮೇಲೆ ಒಬ್ಬನೇ ಕೂತು ದಿನಾ 60 ಕಿಲೋಮೀಟರ್ ಓಡಿಸಿದ್ರೂ ಅಷ್ಟೇ, ಭಾನುವಾರ ಮಾತ್ರ ಆಚೆ ತೆಗೆದ್ರೂ ಅಷ್ಟೇ. ಎಲೆಕ್ಟ್ರಿಕ್ ಕಾರಿನ ಕತೆ ಇನ್ನೂ ಚೆನ್ನಾಗಿದೆ. 2016ರಿಂದ ರಾಜ್ಯದಲ್ಲಿ ಅದಕ್ಕೆ ಪೂರ್ತಿ ತೆರಿಗೆ ವಿನಾಯಿತಿ ಇತ್ತು. 25 ಲಕ್ಷ ಮೇಲ್ಪಟ್ಟ ಎಲೆಕ್ಟ್ರಿಕ್ ಕಾರಿಗೆ ಶೇ. 10 ಅಂತ ಹಾಕಿದ್ದು 2024ರಲ್ಲಿ. ಅಂದ್ರೆ ಅಷ್ಟು ವರ್ಷ ಕೋಟಿ ರೂಪಾಯಿ ಕಾರಿನೋನು ಕಟ್ಟಿದ್ದು ಸೊನ್ನೆ. ಆ ಕಾರಿಗೆ ಹೊಗೆ ಕೊಳವೆ ಇಲ್ಲ, ನಿಜ. ಆದ್ರೆ ಟೈರು ಸವೆಯುತ್ತೆ, ಧೂಳು ಏಳುತ್ತೆ, ಭಾರದ ಗಾಡಿಯಾದ್ರೆ ಜಾಸ್ತಿನೇ ಏಳುತ್ತೆ. ಅದನ್ನ ಗುಡಿಸೋಕೆ ಅವ್ವನೇ ಬರಬೇಕು.

ಗಾಡಿಯ ವಯಸ್ಸು ಕೇಳೋದು ಅಂದ್ರೆ ಈ ದೇಶದಲ್ಲಿ ಬಡತನ ಎಷ್ಟು ಅಂತ ಕೇಳಿದ ಹಾಗೆ. ಯಾರೂ ಖುಷಿಗೆ 2008ರ ಗಾಡಿ ಓಡಿಸಲ್ಲ. ಅವನಿಗೆ ಹೊಸದು ಬೇಕು. ಬ್ಯಾಂಕಿನೋರು ಆಸ್ತಿ ಪತ್ರ ಕೇಳ್ತಾರೆ. ಆಸ್ತಿ ಎಲ್ಲಿಂದ ತರೋದು?

ಇಷ್ಟು ಹೇಳಿದ ಕೂಡ್ಲೇ ನಮ್ಮ ಸಂಗಾತಿ "ನೋಡಿದ್ರಾ, ಅದಕ್ಕೇ ವಿರೋಧಿಸಿ ಅಂದಿದ್ದು" ಅಂತಾರೆ. ಇಲ್ಲೇ ನಮ್ಮಿಬ್ಬರ ಜಗಳ. ಲಂಡನ್‌ನಲ್ಲಿ 2019ರಲ್ಲಿ ಹೊಗೆ ಜಾಸ್ತಿ ಬಿಡೋ ಗಾಡಿಗೆ ದಿನಕ್ಕೆ 12.50 ಪೌಂಡ್ ಹಾಕಿದ್ರು, 2023ರಲ್ಲಿ ಇಡೀ ನಗರಕ್ಕೆ ವಿಸ್ತರಿಸಿದ್ರು. ಆಗಲೂ ಬಡವರ ಹೆಸರು ಹೇಳಿಕೊಂಡೇ ದೊಡ್ಡ ಗಲಾಟೆ ಆಯ್ತು. ಆದ್ರೆ ಅಲ್ಲಿನ ಕಡುಬಡವರಲ್ಲಿ ಬಹಳ ಜನಕ್ಕೆ ಕಾರೇ ಇಲ್ಲ, ಅವರು ಬಸ್ಸಿನ ಜನ. ಹಳೇ ಗಾಡಿ ಬಿಟ್ಟುಕೊಡೋರಿಗೆ ನಗರಾಡಳಿತ ದುಡ್ಡು ಕೊಡ್ತು, ಬಂದ ಆದಾಯ ಸಾರಿಗೆಗೇ ಹೋಗಬೇಕು ಅಂತ ಅಲ್ಲಿ ಕಾನೂನೂ ಇದೆ. ಎಲ್ಲ ಸರಿ ಇದೆ ಅಂತಲ್ಲ. ಹೊರವರ್ತುಲ ರಸ್ತೆಯಲ್ಲಿ ಒಬ್ಬನೇ ಕಾರಲ್ಲಿ ಹೋಗೋನ ಶುಲ್ಕವನ್ನ ನಮ್ಮ ಗೂಡ್ಸ್ ಆಟೋ ಹುಡುಗನ ಹೆಗಲ ಮೇಲಿಂದ ವಿರೋಧಿಸೋದು ಬೇಡ ಅಂತ. ಅವನ ಜೇಬು ಕಾಯೋಕೆ ನಮ್ಮ ನೀಲಿ ಬಾವುಟ ಯಾಕೆ?

ಇನ್ನು ದುಡ್ಡಿನ ದಾರಿ. ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆಯ 7ಡಿ ನೆನಪಿದೆ ತಾನೇ? ನಮ್ಮ ಹೆಸರಲ್ಲಿ ಎತ್ತಿಟ್ಟ ಹಣ ಎಲ್ಲರೂ ಓಡಾಡೋ ರಸ್ತೆಗೆ, ಮೇಲ್ಸೇತುವೆಗೆ ಹೋಗಿ, ಲೆಕ್ಕದಲ್ಲಿ ಮಾತ್ರ ದಲಿತರ ಅಭಿವೃದ್ಧಿ ಆಗ್ತಿತ್ತು. 2013ರ ಕಾಯ್ದೆಯ ಆ ಕಲಂ ಕಿತ್ತುಹಾಕಿಸೋಕೆ 2023ರವರೆಗೆ ಹೋರಾಡಬೇಕಾಯ್ತು. ಹೊಗೆ ಹಣಕ್ಕೂ ಅದೇ ಗತಿ ಆಗಬಾರದು ಅಂದ್ರೆ ಕಾವಲು ಈಗಲೇ ಬೇಕು. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುರಂಗ ರಸ್ತೆಗೆ 17 ಸಾವಿರ ಕೋಟಿಗೂ ಮೇಲೆ ಅಂದಾಜು ಹಾಕೋ ಸರ್ಕಾರ, 2025ರ ಜನವರಿಯಲ್ಲಿ ಬಸ್ ದರ ಶೇ. 15 ಏರಿಸ್ತು. ಮುಂದಿನ ತಿಂಗಳೇ ಮೆಟ್ರೋ ಗರಿಷ್ಠ ದರ 60ರಿಂದ 90 ಆಯ್ತು. ಹೆಂಗಸರಿಗೆ ಶಕ್ತಿ ಇದೆ, ಅದು ದೊಡ್ಡದು. ಗಾರೆ ಕೆಲಸದ ಗಂಡಸಿಗೆ ಟಿಕೆಟ್ ಇದೆ. ಕಾರು ಬಿಟ್ಟು ಬಸ್ ಹತ್ತಿ ಅಂತ ಯಾವ ಬಾಯಲ್ಲಿ ಹೇಳ್ತೀರಿ?

ನನ್ನ ಪ್ರಕಾರ ಶುಲ್ಕ ಬೇಕು, ಗಟ್ಟಿಯಾಗೇ ಬೇಕು: ಗಾಡಿ ಎಷ್ಟು ಓಡುತ್ತೆ, ಎಷ್ಟು ತೂಕ, ಮನೆಗೆ ಎಷ್ಟನೇ ಕಾರು, ಸರ್ಕಾರಿ ರಸ್ತೆಯಲ್ಲಿ ಎಷ್ಟು ಹೊತ್ತು ಪುಕ್ಕಟೆ ನಿಲ್ಲುತ್ತೆ ಅನ್ನೋದರ ಮೇಲೆ. ಒಂದೇ ಗಾಡಿ ನಂಬಿಕೊಂಡು ದುಡಿಯೋನಿಗೆ ದಂಡಕ್ಕಿಂತ ಮೊದಲು ಆಸ್ತಿ ಅಡಮಾನ ಇಲ್ಲದ ಸಾಲ, ಸಹಾಯಧನ ಕೊಡಿ, ಎರಡು ವರ್ಷ ಟೈಮ್ ಕೊಡಿ. ಆಮೇಲೂ ಹೊಗೆ ಬಿಟ್ಟರೆ ಹಿಡೀರಿ, ನಾನೇ ತೋರಿಸ್ತೀನಿ. ಬಂದ ಹಣದಲ್ಲಿ ಮೊದಲ ಪಾಲು ಬಸ್ಸಿಗೆ ಮತ್ತು ಪೌರಕಾರ್ಮಿಕರ ಶ್ವಾಸಕೋಶದ ತಪಾಸಣೆ, ಔಷಧಿಗೆ. ನಿವೃತ್ತಿ ಆದ ಮೇಲೂ.

ಹಸಿರು ತೆರಿಗೆ ಅಂತ ಈವರೆಗೆ ಎಷ್ಟು ವಸೂಲಾಗಿದೆ, ಯಾವ ಲೆಕ್ಕಶೀರ್ಷಿಕೆಗೆ ಹೋಗಿದೆ, ಗಾಳಿಗೆ ಅಂತ ಎಷ್ಟು ಖರ್ಚಾಗಿದೆ ಅಂತ ಆರ್‌ಟಿಐ ಅರ್ಜಿ ಬರೀತಿದೀನಿ. ಎಫ್‌ಸಿ, ಹಸಿರು ತೆರಿಗೆ ಕಟ್ಟಿದ ರಸೀದಿ ಇರೋ ಆಟೋ, ಗೂಡ್ಸ್ ಗಾಡಿ ಗೆಳೆಯರು ಹೆಸರು, ಗಾಡಿ ನಂಬರ್ ಮುಚ್ಚಿ ಫೋಟೋ ತೆಗೆದು ಇನ್‌ಬಾಕ್ಸ್‌ಗೆ ಹಾಕಿ. ಹೆಬ್ಬೆಟ್ಟು ಒತ್ತಿದವರೂ ಹಾಕಬಹುದು.