ಅಂಗಡಿ ವೆಬ್‌ಸೈಟ್‌ಗೆ ತಿಜೋರಿ ಕೀಲಿ ಯಾಕೆ? ಸರ್ವರ್‌ನಲ್ಲಿ ‘ರೂಟ್’ ಕೊಟ್ಟರೆ ಆಗೋ ಅಪಾಯ ಇದು

ಬಟ್ಟೆ ಅಂಗಡಿ, ಬೇಕರಿ, ಕಲ್ಯಾಣ ಮಂಟಪ... ತಾಲ್ಲೂಕು ಮಟ್ಟದಲ್ಲೂ ಈಗ ಆರ್ಡರ್, ಬುಕಿಂಗ್ ವೆಬ್‌ಸೈಟ್ ಮೂಲಕ ಬರೋದು ಶುರುವಾಗಿದೆ. ಸೈಟ್ ಮಾಡಿಸುವಾಗ ಮಾಲೀಕರು ರೇಟು ಕೇಳ್ತಾರೆ, ಡಿಸೈನ್ ನೋಡ್ತಾರೆ. ಅದು ಸರ್ವರ್‌ನಲ್ಲಿ ಯಾವ ಖಾತೆಯ ಅಧಿಕಾರದಲ್ಲಿ ಓಡುತ್ತೆ ಅಂತ ಕೇಳುವವರು ಕಡಿಮೆ. ಹ್ಯಾಕರ್ ಒಳಗೆ ನುಗ್ಗಿದ ದಿನ ನಷ್ಟ ಎಷ್ಟು ಅನ್ನೋದು ಬಹುಮಟ್ಟಿಗೆ ಇದರ ಮೇಲೇ ನಿಂತಿರುತ್ತದೆ.

ಏನಿದು ರೂಟ್?

ಹೆಚ್ಚಿನ ವೆಬ್ ಸರ್ವರ್‌ಗಳು ನಡೆಯೋದು ಲಿನಕ್ಸ್ ಮೇಲೆ. ಅದರಲ್ಲಿ ‘ರೂಟ್’ ಅಂದ್ರೆ ಯಜಮಾನನ ಖಾತೆ. ಯಾವ ಫೈಲ್ ಆದರೂ ಓದಬಹುದು, ಅಳಿಸಬಹುದು, ಹೊಸ ಖಾತೆ ತೆರೆಯಬಹುದು. ವೆಬ್ ಸರ್ವರ್ ಮಾತ್ರ ಕೌಂಟರ್‌ನಲ್ಲಿ ನಿಲ್ಲೋ ಹುಡುಗನ ಹಾಗೆ. ಗುರುತಿಲ್ಲದ ಜನರ ಜೊತೆ ವ್ಯವಹರಿಸೋದೇ ಅದರ ಕೆಲಸ. ಅಂಥವನ ಕೈಗೆ ತಿಜೋರಿ, ಗೋಡೌನ್ ಕೀಲಿಯನ್ನೂ ಕೊಟ್ಟು ಕೂರಿಸ್ತಾರಾ?

ಮತ್ತೆ ಕೊಡೋದ್ಯಾಕೆ? ಲಿನಕ್ಸ್‌ನಲ್ಲಿ 1024ಕ್ಕಿಂತ ಕೆಳಗಿನ ಪೋರ್ಟ್, ಅಂದರೆ ಸಂಪರ್ಕದ ಬಾಗಿಲು, ತೆರೆಯೋಕೆ ಸಾಮಾನ್ಯವಾಗಿ ರೂಟ್ ಅಧಿಕಾರ ಬೇಕು. ವೆಬ್‌ಸೈಟ್‌ಗಳ ಬಾಗಿಲು 80 ಮತ್ತು 443. ಹಾಗಾಗಿ ಅಪಾಚೆ, ಎನ್‌ಜಿನ್‌ಎಕ್ಸ್ ಸರ್ವರ್‌ಗಳು ಸಾಮಾನ್ಯವಾಗಿ ರೂಟ್ ಆಗಿ ಶುರುವಾಗಿ, ಬಾಗಿಲು ತೆರೆದು, ಗ್ರಾಹಕರ ಕೆಲಸವನ್ನು ಅಧಿಕಾರ ಕಡಿಮೆ ಇರುವ ಮರಿ ಪ್ರೊಸೆಸ್‌ಗಳಿಗೆ ಒಪ್ಪಿಸುತ್ತವೆ.

2019ರ ಪಾಠ

ಇಷ್ಟೂ ಸಾಲದು ಅಂತ 2019ರ ಏಪ್ರಿಲ್‌ನಲ್ಲಿ ಗೊತ್ತಾಯ್ತು. ಅಪಾಚೆಯ 2.4.17ರಿಂದ 2.4.38ರವರೆಗಿನ ಆವೃತ್ತಿಗಳಲ್ಲಿ ಒಂದು ದೋಷ ಸಿಕ್ಕಿತು. ಮರಿ ಪ್ರೊಸೆಸ್‌ನಲ್ಲಿ ಓಡುವ ಒಂದು ಸ್ಕ್ರಿಪ್ಟ್, ರೂಟ್ ಆಗಿಯೇ ಉಳಿದಿದ್ದ ಮೂಲ ಪ್ರೊಸೆಸ್‌ನ ಅಧಿಕಾರವನ್ನು ಕಸಿದುಕೊಳ್ಳಬಹುದಿತ್ತು. ಒಂದೇ ಸರ್ವರ್‌ನಲ್ಲಿ ನೂರಾರು ಸೈಟ್ ಇಡುವ ಶೇರ್ಡ್ ಹೋಸ್ಟಿಂಗ್‌ನಲ್ಲಿ ಇದು ದೊಡ್ಡ ಅಪಾಯ: ಪಕ್ಕದವರ ಸೈಟ್‌ನಿಂದ ಬಂದ ಕಳ್ಳ ನಿಮ್ಮ ಸೈಟ್‌ಗೂ ಯಜಮಾನ ಆಗ್ತಾನೆ. 2.4.39ರಲ್ಲಿ ದೋಷ ಸರಿಪಡಿಸಲಾಯಿತು. ಅಧಿಕಾರ ಕೊಟ್ಟು ಆಮೇಲೆ ಕಿತ್ತುಕೊಳ್ಳೋದಕ್ಕಿಂತ ಮೊದಲೇ ಕೊಡದಿರೋದು ವಾಸಿ ಅನ್ನೋದು ಇದರ ಪಾಠ.

ದಾರಿ ಇದೆ

ರೂಟ್‌ನ ಅಧಿಕಾರವನ್ನು ಲಿನಕ್ಸ್ ಚಿಕ್ಕ ಚಿಕ್ಕ ತುಂಡು ಮಾಡಿ ಕೊಡುತ್ತದೆ. ‘80, 443 ತೆರೆಯಬಹುದು, ಬೇರೇನೂ ಇಲ್ಲ’ ಅನ್ನೋ ಮಟ್ಟಿಗೆ ಅನುಮತಿ ಕೊಡಬಹುದು. ಸಿಸ್ಟಮ್‌ಡಿಯಲ್ಲಿ ಬೇರೆ ಯೂಸರ್ ಹೆಸರು ಹಾಕಿ ಸರ್ವರ್ ಶುರು ಮಾಡಿಸಬಹುದು. ಇಲ್ಲವೇ ಆ್ಯಪ್ ಅನ್ನು 8080ರಂಥ ಮೇಲಿನ ಪೋರ್ಟ್‌ನಲ್ಲಿ ಓಡಿಸಿ, ಮುಂದೆ ಎನ್‌ಜಿನ್‌ಎಕ್ಸ್ ನಿಲ್ಲಿಸಬಹುದು. ಇದಕ್ಕೆ ಬೇಕಾದ ಸಾಫ್ಟ್‌ವೇರ್ ಎಲ್ಲ ಉಚಿತ.

ಹಾಗಂತ ರೂಟ್ ತೆಗೆದ ಕೂಡಲೇ ಎಲ್ಲ ಭದ್ರ ಅಂತಲ್ಲ. ಸೈಟ್‌ನ ಕೋಡ್‌ನಲ್ಲೇ ತೂತಿದ್ದರೆ ಆ ಸೈಟ್ ನೋಡಬಹುದಾದ ಗ್ರಾಹಕರ ಮಾಹಿತಿ ಹೋಗಬಹುದು. ಆದರೆ ಕಳ್ಳತನ ಒಂದು ಕೋಣೆಗೆ ನಿಲ್ಲುತ್ತೆ, ಇಡೀ ಕಟ್ಟಡಕ್ಕೆ ಹಬ್ಬೋದು ಕಷ್ಟ ಆಗುತ್ತೆ.

ಮಾಹಿತಿ ಹೋದರೆ ಕಾನೂನೂ ಕೇಳುತ್ತೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ಸೂಕ್ತ ಭದ್ರತೆ ಮಾಡದೆ ಮಾಹಿತಿ ಸೋರಿದರೆ ₹250 ಕೋಟಿವರೆಗೆ ದಂಡಕ್ಕೆ ಅವಕಾಶವಿದೆ. ಗರಿಷ್ಠ ದಂಡ ಎಲ್ಲರಿಗೂ ಬೀಳಲ್ಲ, ಆದ್ರೆ ‘ಸೈಟ್ ಮಾಡಿದವರು ಬೇರೆ’ ಅಂತ ಮಾಲೀಕರು ಕೈತೊಳೆದುಕೊಳ್ಳೋಕೆ ಆಗಲ್ಲ.

ಸೈಟ್ ನೋಡಿಕೊಳ್ಳುವವರನ್ನು ಕೇಳಬೇಕಾದ್ದು ಮೂರೇ ಪ್ರಶ್ನೆ. ಆ್ಯಪ್ ಯಾವ ಯೂಸರ್ ಹೆಸರಲ್ಲಿ ಓಡ್ತಿದೆ? ಯಾವುದಾದರೂ ಫೋಲ್ಡರ್‌ಗೆ ‘777’ ಅಂತ, ಅಂದರೆ ಯಾರು ಬೇಕಾದರೂ ಬರೆಯಬಹುದು ಅಂತ, ಅನುಮತಿ ಕೊಟ್ಟಿದ್ದಾರಾ? ಸರ್ವರ್ ಅಪ್‌ಡೇಟ್ ಆಗಿ ಎಷ್ಟು ದಿನ ಆಯ್ತು? ಮೊದಲನೆಯದಕ್ಕೆ ‘ರೂಟ್’ ಅನ್ನೋ ಉತ್ತರ ಬಂದರೆ, ಹೊಸ ಡಿಸೈನ್‌ಗೆ ದುಡ್ಡು ಕೊಡೋ ಮೊದಲು ಅದನ್ನು ಬದಲಾಯಿಸಿಕೊಳ್ಳೋದು ಒಳ್ಳೇದು.