ಸಕಲೇಶಪುರದ ಸೈಟಿಗೆ ಅಡ್ವಾನ್ಸ್ ಕೊಡುವ ಮುಂಚೆ, ಮಾರಿದ ಹೊಲದ ಲೆಕ್ಕ ಹಾಕಿ

ಕಳೆದ ತಿಂಗಳು ಯಡಿಯೂರು ಕೆರೆ ಹತ್ತಿರದ ನಮ್ಮ ಮನೆಗೆ ಅಕ್ಕನ ಮಗ ಬಂದಿದ್ದ. ಕನಕಪುರ ರಸ್ತೆ ಕಡೆ ಅಪ್ಪನಿಂದ ಬಂದಿದ್ದ ಹೊಲ ಮಾರಿದ್ದಾನೆ. ಮೊಬೈಲ್‌ನಲ್ಲಿ ಒಂದು ವಿಡಿಯೋ ತೋರಿಸಿದ. ಸಕಲೇಶಪುರದ ಮಂಜು, ಕಾಫಿ ಗಿಡ, ನಡುವೆ ಕಲ್ಲು ನೆಟ್ಟ ಸೈಟು. "30 ಲಕ್ಷ ಮಾಮ, ಹೋಂಸ್ಟೇ ಮಾಡ್ತೀನಿ. ನಾಳೆನೇ ಅಡ್ವಾನ್ಸ್" ಅಂದ. ತೆರಿಗೆ ನೋಡಿದ್ಯಾ ಅಂದರೆ, "ರೈತರ ಜಮೀನಿಗೆ ಎಲ್ಲಿ ತೆರಿಗೆ?" ಅಂದುಬಿಟ್ಟ.

ಈ ಮಾತು ನಂಬಿ ಕೆಟ್ಟವರು ಬಹಳ ಜನ. ಅದಕ್ಕೇ ಬರೀತಿದ್ದೀನಿ.

ಹೊಲ ಎಲ್ಲಿದೆ ಅನ್ನೋದು ಮುಖ್ಯ

ಹಳ್ಳಿಯ ಕೃಷಿ ಜಮೀನು ಮಾರಿದರೆ ಬಂಡವಾಳ ಲಾಭದ ತೆರಿಗೆ ಇಲ್ಲ, ನಿಜ. ಆದರೆ 10 ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರದ ಗಡಿಯಿಂದ 8 ಕಿ.ಮೀ. ಒಳಗಿದ್ದರೆ ಅದು ಹಳ್ಳಿ ಜಮೀನಲ್ಲ. 1 ಲಕ್ಷದಿಂದ 10 ಲಕ್ಷದ ಊರಿಗೆ 6 ಕಿ.ಮೀ., 10 ಸಾವಿರದಿಂದ 1 ಲಕ್ಷದ ಊರಿಗೆ 2 ಕಿ.ಮೀ. ಅಳತೆ ರಸ್ತೆಯಲ್ಲಲ್ಲ, ಹಕ್ಕಿ ಹಾರುವ ನೇರದಲ್ಲಿ. ಅವನ ಹೊಲ ಬೆಂಗಳೂರಿನ ಗಡಿಯಿಂದ 5 ಕಿ.ಮೀ. ಕೂಡ ಇರಲಿಲ್ಲ.

ಲಾಭ 60 ಲಕ್ಷ ಅಂದುಕೊಳ್ಳಿ. 12.5% ದರದಲ್ಲಿ 7.5 ಲಕ್ಷ, ಮೇಲೆ ಸೆಸ್. 2024ರ ಜುಲೈ 23ಕ್ಕೂ ಮೊದಲಿನ ಆಸ್ತಿಯಾದರೆ ಬೆಲೆ ಸೂಚ್ಯಂಕ ಹಿಡಿದು 20% ಲೆಕ್ಕವನ್ನೂ ಹಾಕಿ ನೋಡಿ, ಯಾವುದು ಕಡಿಮೆಯೋ ಅದು.

ಸೈಟು ಬೇರೆ, ತೋಟ ಬೇರೆ

ಮಾರುವ ಮುಂಚಿನ 2 ವರ್ಷ ನೀವೋ ಅಪ್ಪ-ಅಮ್ಮನೋ ಆ ಹೊಲದಲ್ಲಿ ಬೇಸಾಯ ಮಾಡಿದ್ದರೆ, ಮಾರಿದ 2 ವರ್ಷದೊಳಗೆ ಬೇರೆ ಕೃಷಿ ಜಮೀನು ಕೊಂಡರೆ, ಹಾಕಿದ ಹಣದಷ್ಟು ಲಾಭಕ್ಕೆ ತೆರಿಗೆ ವಿನಾಯಿತಿ. ಕಾಫಿ ತೋಟ, ಗದ್ದೆ ಎರಡೂ ನಡೆಯುತ್ತೆ. ಭೂಪರಿವರ್ತನೆಯಾದ ಸೈಟಿಗೆ ಈ ವಿನಾಯಿತಿ ಇಲ್ಲ. ಮನೆ ಕಟ್ಟಿದರೆ ಬೇರೆ ವಿನಾಯಿತಿ ಇದೆ, ಆದರೆ 3 ವರ್ಷದೊಳಗೆ ಕಟ್ಟಿ ಮುಗಿಸಬೇಕು. ಖಾಲಿ ಸೈಟು ಇಟ್ಟುಕೊಂಡರೆ ಏನೂ ಸಿಗಲ್ಲ. ರಿಟರ್ನ್ಸ್ ಸಲ್ಲಿಸುವ ಗಡುವಿನೊಳಗೆ ಜಮೀನು ಸಿಗದಿದ್ದರೆ ಹಣವನ್ನು ಬ್ಯಾಂಕಿನ ಬಂಡವಾಳ ಲಾಭ ಖಾತೆಗೆ ಹಾಕಿ. ಕೊಂಡ ಜಮೀನನ್ನು 3 ವರ್ಷ ಮಾರಬೇಡಿ.

ವಿಡಿಯೋದಲ್ಲಿ ಕಾಣದ ಖರ್ಚು

2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ 1%ನಿಂದ 2% ಆಗಿದೆ. ಮುದ್ರಾಂಕ ಶುಲ್ಕ, ಸೆಸ್ ಸೇರಿ 30 ಲಕ್ಷದ ಸೈಟಿಗೆ ಸುಮಾರು 2.3 ಲಕ್ಷ. ಹೋಂಸ್ಟೇ ಆದಾಯ ಕೃಷಿ ಆದಾಯ ಅಲ್ಲ, ಸುತ್ತ ಕಾಫಿ ಇದ್ದರೂ ಅದಕ್ಕೆ ತೆರಿಗೆ ಉಂಟು. ಡೆವಲಪರ್‌ಗೆ 20 ಸಾವಿರವೋ ಅದಕ್ಕಿಂತ ಹೆಚ್ಚೋ ನಗದು ಕೊಡಲೇಬೇಡಿ.

ಮೊಬೈಲ್‌ನಲ್ಲೇ ಪರೀಕ್ಷೆ ಮಾಡಿ

ಜಾಗದಲ್ಲಿ ನಿಂತು ದಿಶಾಂಕ್ ಆ್ಯಪ್ ತೆಗೆದು ಸರ್ವೆ ನಂಬರ್ ನೋಡಿ. ಭೂಮಿಯಲ್ಲಿ ಪಹಣಿ, ಕಾವೇರಿಯಲ್ಲಿ ಋಣಭಾರ ಪತ್ರ ತೆಗೆಯಿರಿ. ಸರ್ವೆ ನಂಬರಿನ ತುಂಡು ಭಾಗ ಆದರೆ 11ಇ ನಕ್ಷೆ ಕೇಳಿ. ಪರಿಶಿಷ್ಟರಿಗೆ ಮಂಜೂರಾದ ಜಮೀನಾದರೆ 1978ರ ಪಿಟಿಸಿಎಲ್ ಕಾಯ್ದೆ ಇದೆ. ಸರ್ಕಾರದ ಅನುಮತಿ ಇಲ್ಲದ ಮಾರಾಟ ನಿಲ್ಲಲ್ಲ. 2023ರ ತಿದ್ದುಪಡಿ ಪ್ರಕಾರ ಜಮೀನು ವಾಪಸ್ ಕೇಳೋದಕ್ಕೆ ಕಾಲಮಿತಿಯೂ ಇಲ್ಲ. 2024ರ ಜುಲೈನ ಪಶ್ಚಿಮ ಘಟ್ಟ ಕರಡು ಅಧಿಸೂಚನೆಯಲ್ಲಿ ಕರ್ನಾಟಕದ 20,668 ಚ.ಕಿ.ಮೀ. ಇದೆ. ನೀವು ನೋಡಿದ ಹಳ್ಳಿ ಆ ಪಟ್ಟಿಯಲ್ಲಿದೆಯಾ ನೋಡಿ. ರಾಜ್ಯ ಸರ್ಕಾರ ಅದನ್ನು ಒಪ್ಪಿಲ್ಲ, ಆದರೂ ಮುಂದೆ ಕಟ್ಟಡ ಕಟ್ಟುವವನಿಗೆ ಇದು ಗೊತ್ತಿರಬೇಕು.

ನನ್ನ ಮಾತು

2020ರಲ್ಲಿ ಭೂ ಸುಧಾರಣೆ ಕಾಯ್ದೆ ತಿದ್ದುಪಡಿ ಆದಮೇಲೆ ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಪೇಟೆ ದುಡ್ಡು ಮಲೆನಾಡಿಗೆ ಹೋಗ್ತಿದೆ, ಬೆಲೆ ಏರ್ತಿದೆ. ಪೇಟೆಯವನಿಗೆ ಅದು ವಾರದ ರಜೆಯ ಜಾಗ. ನಿಮಗೆ ಅದು ಅಪ್ಪನ ಹೊಲದ ಬದಲು ಬಂದ ಒಂದೇ ಆಸ್ತಿ. 30x40 ಸೈಟಿನಲ್ಲಿ ಮೆಣಸೂ ಬೆಳೆಯಲ್ಲ, ಪ್ರವಾಸಿ ಬಾರದ ತಿಂಗಳು ಊಟವೂ ಹುಟ್ಟಲ್ಲ. ಮಲೆನಾಡೇ ಬೇಕು ಅಂದ್ರೆ ನೀರಿರುವ, ದಾರಿ ಇರುವ ಅರ್ಧ ಎಕರೆ ತೋಟ ಕೊಳ್ಳಿ, ಬೆಳೆ ತೆಗೆಯಿರಿ. ಹೋಂಸ್ಟೇ ಆಮೇಲೆ ಯೋಚಿಸಿ.

ಅಕ್ಕನ ಮಗ ಇನ್ನೂ ಅಡ್ವಾನ್ಸ್ ಕೊಟ್ಟಿಲ್ಲ. ಮೊದಲು ಆಡಿಟರ್ ಹತ್ತಿರ ಹೋಗಿ, ಆಮೇಲೆ ಮಳೆಗಾಲದಲ್ಲಿ ಒಮ್ಮೆ ಜಾಗ ನೋಡಿ ಬಾ ಅಂದಿದ್ದೀನಿ. ನಿಮಗೂ ಅದೇ ಮಾತು.